ಹದಿನಾಲ್ಕು ಡಿಗ್ರಿಯ ಓರೆ

ಸೂರ್ಯನ ಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲ. ಫಿಲ್ಟರ್ ತೊಡಿಸಿದ ಟೆಲಿಸ್ಕೋಪನ್ನು ಅವನತ್ತ ತಿರುಗಿಸಿ ತಿರುಪು ಬಿಗಿದು ಕೈ ಬಿಡಿ. ಎರಡು ನಿಮಿಷ ಕಳೆದು ಇನ್ನೊಂದಿಷ್ಟು ಸೆಕೆಂಡು ಆಗುವಷ್ಟರಲ್ಲಿ ಬಿಂಬ ತನ್ನ ಪೂರ್ತಿ ಅಗಲದಷ್ಟು ಪಶ್ಚಿಮಕ್ಕೆ ಸರಿದಿರುತ್ತದೆ. ಒಬ್ಬರೇ ನೋಡುತ್ತಿದ್ದರೆ ಅದೊಂದು ತೊಂದರೆಯೇ ಅಲ್ಲ, ಆಗಾಗ ಕೊಳವೆಯನ್ನು ತಳ್ಳಿಕೊಂಡರಾಯಿತು. ಆದರೆ ಗ್ರಹಣದ ದಿನ ಶಾಲೆಯ ಅಂಗಳದಲ್ಲಿ ಮುನ್ನೂರು ಮಕ್ಕಳು ಸಾಲುಗಟ್ಟಿ ನಿಂತಿರುತ್ತಾರೆ. ಒಬ್ಬೊಬ್ಬರು ಕಣ್ಣಿಡುವಾಗಲೂ ಸೂರ್ಯ ಅಂಚಿಗೆ ಜಾರಿರುತ್ತಾನೆ, ಮೇಷ್ಟ್ರು ಪ್ರತಿ ಸಲವೂ ಅವನನ್ನು ಹುಡುಕಿ ನಡುವಿಗೆ ತರಬೇಕಾಗುತ್ತದೆ. ಸಾಲು ಅರ್ಧ ಕರಗುವಷ್ಟರಲ್ಲಿ ಗ್ರಹಣವೇ ಮುಗಿದಿರುತ್ತದೆ. ಮೋಟರ್ ಜೋಡಿಸಿದ ಮೌಂಟ್, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಪೀಠ, ಬೇಕಾಗುವುದು ಇದಕ್ಕೆ. ಅದು ಸೂರ್ಯನನ್ನು ಹಿಡಿದು ನಿಲ್ಲಿಸಿದರೆ ಮೇಷ್ಟ್ರ ಕೈಗೆ ಬಿಡುವು ಸಿಗುತ್ತದೆ, ಬಾಯಿಗೆ ವಿವರಿಸುವ ಅವಕಾಶ ಸಿಗುತ್ತದೆ.

ಈ ಅಧ್ಯಾಯದಲ್ಲಿ ಅಂಥ ಮೌಂಟನ್ನು ಅಮರಾಪುರದ ನೆಲದ ಮೇಲೆ ನಿಲ್ಲಿಸೋಣ. ಅನಂತಪುರ ಜಿಲ್ಲೆಯ ಮಡಕಶಿರಾ ಸೀಮೆಯ ಈ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತ ಆಂಧ್ರದ್ದು, ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇದೇ ಮಂಡಲದಲ್ಲಿದೆ. ಮಳೆ ಕಡಿಮೆ, ಬಯಲು ಹೆಚ್ಚು, ಆಕಾಶ ಅಗಲ. ಊರಿನ ಅಕ್ಷಾಂಶ ಉತ್ತರ 14 ಡಿಗ್ರಿಗೆ ಒಂದಿಷ್ಟು ಮೇಲೆ, ರೇಖಾಂಶ ಪೂರ್ವ 77 ಡಿಗ್ರಿಗೆ ಹತ್ತಿರ. ಈ ಎರಡು ಅಂಕಿಗಳಿಂದಲೇ ನಮ್ಮ ಕೆಲಸವೆಲ್ಲ ಹುಟ್ಟುತ್ತದೆ.

ಗ್ರಹಣವನ್ನು ಹಿಂಬಾಲಿಸುವ ಯಂತ್ರವೆಂದರೆ ಅದು ಆಕಾಶದ ವಿಷಯ ಮಾತ್ರ ತಿಳಿದಿದ್ದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಆದರೆ ಅದು ಮೊದಲು ಕೇಳುವುದು ನೆಲದ ವಿಷಯ: ಉತ್ತರ ಯಾವ ಕಡೆ, ನಾನು ನಿಂತಿರುವ ಜಾಗ ಯಾವುದು, ಈಗ ಹೊತ್ತು ಎಷ್ಟು. ಸೂರ್ಯಸಿದ್ಧಾಂತದಲ್ಲಿ ತ್ರಿಪ್ರಶ್ನಾಧಿಕಾರ ಎಂಬ ಅಧ್ಯಾಯವಿದೆ. ದಿಕ್ಕು, ದೇಶ, ಕಾಲ ಎಂಬ ಇವೇ ಮೂರು ಪ್ರಶ್ನೆಗಳಿಗೆ ಅದು ಉತ್ತರ ಹುಡುಕುತ್ತದೆ. ಚೀನಾದಲ್ಲಿ ತಯಾರಾಗಿ ಬೆಂಗಳೂರಿನ ಅಂಗಡಿಯಿಂದ ಬಂದ ಮೌಂಟಿಗೂ ಬೇರೆ ಪ್ರಶ್ನೆಯಿಲ್ಲ.

ಒಂದೇ ಅಕ್ಷ, ಒಂದೇ ಮೋಟರ್

ಸೂರ್ಯ ಪಶ್ಚಿಮಕ್ಕೆ ಸರಿಯುವಂತೆ ಕಾಣುವುದು ಭೂಮಿ ಪೂರ್ವಕ್ಕೆ ತಿರುಗುವುದರಿಂದ. ಹಾಗಾದರೆ ಟೆಲಿಸ್ಕೋಪನ್ನು ಭೂಮಿ ತಿರುಗುವಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿಸಿದರೆ ಎರಡು ಚಲನೆಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಬೀಸುಕಲ್ಲಿನ ಮೇಲೆ ಕುಳಿತ ಇರುವೆ, ಕಲ್ಲು ತಿರುಗಿದಷ್ಟೇ ವೇಗದಲ್ಲಿ ಗೂಟದ ಸುತ್ತ ಹಿಮ್ಮುಖವಾಗಿ ನಡೆದರೆ, ಎದುರು ಗೋಡೆಯ ದೀಪ ಅದಕ್ಕೆ ನಿಂತಲ್ಲೇ ಕಾಣುತ್ತದೆ. ಆದರೆ ಇರುವೆ ಸುತ್ತಬೇಕಾದದ್ದು ಕಲ್ಲು ತಿರುಗುವ ಅದೇ ಗೂಟವನ್ನು. ಟೆಲಿಸ್ಕೋಪಿಗೂ ಅಷ್ಟೇ: ಅದು ತಿರುಗುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಬೇಕು. ಹೀಗೆ ಕಟ್ಟಿದ್ದೇ ಈಕ್ವಟೋರಿಯಲ್ ಮೌಂಟ್. ಅದರ ಮುಖ್ಯ ಅಕ್ಷ ಆಕಾಶದ ಉತ್ತರ ಧ್ರುವದ ಕಡೆಗೆ ಮುಖ ಮಾಡಿರುತ್ತದೆ. ನೆಲದಿಂದ ಅದರ ಓರೆ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಲಂಡನ್ನಿನಲ್ಲಿ ಅದು 51 ಡಿಗ್ರಿ ಎದ್ದು ನಿಂತರೆ ಅಮರಾಪುರದಲ್ಲಿ ಬರೀ 14 ಡಿಗ್ರಿ, ಹೆಚ್ಚುಕಡಿಮೆ ಮಲಗಿದಂತೆ.

ಓರೆ ಸರಿಯಿದ್ದರೆ ಸೂರ್ಯನನ್ನು ಹಿಡಿದಿಡಲು ಒಂದೇ ಮೋಟರ್ ಸಾಕು. ಮೌಂಟಿನ ಹೊಟ್ಟೆಯೊಳಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡ ತಿರುಪಿನಂಥ ವರ್ಮ್ ಗೇರ್ ಇರುತ್ತವೆ. ಚಕ್ರಕ್ಕೆ 180 ಹಲ್ಲುಗಳಿದ್ದರೆ ವರ್ಮ್ ಎಂಟು ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಚಕ್ರ ಒಂದು ಸುತ್ತು ಮುಗಿಸುವಾಗ ಒಂದು ದಿನ ಕಳೆದಿರುತ್ತದೆ.

ಒಂದು ದಿನ ಎಂದರೆ ಯಾವ ದಿನ? ಮೌಂಟಿನ ಕೀಪ್ಯಾಡಿನಲ್ಲಿ ಸೈಡೀರಿಯಲ್ (ನಕ್ಷತ್ರದ), ಸೋಲಾರ್ (ಸೂರ್ಯನ), ಲೂನಾರ್ (ಚಂದ್ರನ) ಎಂಬ ಮೂರು ವೇಗಗಳು ಕಾಣುತ್ತವೆ. ನಕ್ಷತ್ರಗಳು 23 ಗಂಟೆ 56 ನಿಮಿಷಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತವೆ, ಸೂರ್ಯ ಸರಾಸರಿ 24 ಗಂಟೆಗೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಅವನು ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿಯುವುದೇ ಈ ನಾಲ್ಕು ನಿಮಿಷದ ಅಂತರಕ್ಕೆ ಕಾರಣ. ಡಿಗ್ರಿಯ ಅರವತ್ತರಲ್ಲೊಂದು ಭಾಗವನ್ನು ಕಲೆ ಎನ್ನುತ್ತೇವೆ; ಸೂರ್ಯಬಿಂಬ ಸುಮಾರು 32 ಕಲೆ ಅಗಲ. ಮೌಂಟನ್ನು ನಕ್ಷತ್ರದ ವೇಗದಲ್ಲೇ ಬಿಟ್ಟರೆ ಗಂಟೆಗೆ ಎರಡೂವರೆ ಕಲೆಯಷ್ಟು ತಪ್ಪುತ್ತದೆ. ಮೂರೂವರೆ ಗಂಟೆಯ ಗ್ರಹಣದಲ್ಲಿ ಅದು ಬಿಂಬದ ಕಾಲು ಭಾಗಕ್ಕಿಂತ ಹೆಚ್ಚು. ಚಂದ್ರನ ವೇಗವನ್ನು ಒತ್ತಿದರೆ ಒಂದೇ ಗಂಟೆಯಲ್ಲಿ ಸೂರ್ಯ ತನ್ನ ಅಗಲದಷ್ಟು ಜಾರುತ್ತಾನೆ, ಏಕೆಂದರೆ ಚಂದ್ರ ಅಷ್ಟು ಬೇಗ ಪೂರ್ವಕ್ಕೆ ನಡೆಯುತ್ತಾನೆ. ಆ ನಡಿಗೆಯಿಂದಲೇ ಗ್ರಹಣ ಆಗುವುದು. ಸೂರ್ಯನ ವೇಗದಲ್ಲಿ ಬಿಂಬವನ್ನು ನಿಲ್ಲಿಸಿದಾಗ ಮಕ್ಕಳ ಕಣ್ಣೆದುರು ಸರಿಯುವುದು ಚಂದ್ರನ ಕಪ್ಪು ಅಂಚೊಂದೇ. ಚಂದ್ರ ನಿಜಕ್ಕೂ ತನ್ನ ಕಕ್ಷೆಯಲ್ಲಿ ನಡೆಯುತ್ತಿರುವುದನ್ನು ಇಷ್ಟು ನೇರವಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಜಮಖಂಡಿ, ಬೇಕಲ, ಜವಳಗೇರಾ

ಕನ್ನಡದ ನೆಲಕ್ಕೆ ಗ್ರಹಣವನ್ನು ಗಮನಿಸುವ ಕೆಲಸ ಹೊಸದಲ್ಲ. ಸೂರ್ಯಗ್ರಹಣದ ಹೊತ್ತಿನಲ್ಲಿ ಭೂಮಿ ದಾನ ಕೊಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಶಾಸನಗಳ ಕಾಲನಿರ್ಣಯಕ್ಕೆ ಆ ಗ್ರಹಣಗಳೇ ಆಧಾರ. ದೂರದರ್ಶಕದ ಕಾಲ ಬಂದ ಮೇಲೂ ನಮ್ಮ ಊರುಗಳ ಹೆಸರು ಆ ಚರಿತ್ರೆಯಲ್ಲಿ ಉಳಿಯಿತು.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ಭಾರತದಲ್ಲಿ ಐದು ನಿಮಿಷಕ್ಕೂ ಹೆಚ್ಚು ಕಾಲ ಕತ್ತಲೆ ತಂದಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಅವರು. ಓಡುವ ಮೋಡಗಳ ನಡುವೆ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಿಂದ ಸೀಳಿ ನೋಡಿದಾಗ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಆ ಜ್ವಾಲೆಗಳು ಬಿಸಿ ಅನಿಲದವು ಎಂಬುದು ಅಂದು ಸ್ಥಿರವಾಯಿತು. ನಡುವಿನ ಆ ಗೆರೆಯ ಬೆನ್ನು ಹತ್ತಿ ಹೋದವರಿಗೆ ಮುಂದೆ ಹೀಲಿಯಂ ಸಿಕ್ಕಿತು.

ಮೂರು ವರ್ಷದ ಬಳಿಕ, 1871ರ ಡಿಸೆಂಬರ್ 12ರಂದು, ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಲಾಕಿಯರ್ ಅವರ ತಂಡ ಕಾಸರಗೋಡಿನ ಬೇಕಲದಲ್ಲಿ ಉಪಕರಣ ಹೂಡಿತು. ಬೇಕಲ ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಅದೇ ಗ್ರಹಣದ ಚಿತ್ರಗಳನ್ನು ನೀಲಗಿರಿಯ ದೊಡ್ಡಬೆಟ್ಟದಲ್ಲಿ ಬ್ರಿಟಿಷ್ ಸೇನಾಧಿಕಾರಿ ಟೆನಂಟ್ ತೆಗೆಸಿದರು. ಬೇಕಲದಲ್ಲಿ ತೆಗೆದ ಚಿತ್ರಗಳನ್ನೂ ದೊಡ್ಡಬೆಟ್ಟದವನ್ನೂ ಪಕ್ಕಪಕ್ಕ ಇಟ್ಟಾಗ ಕರೋನದ, ಅಂದರೆ ಮುಚ್ಚಿದ ಸೂರ್ಯನ ಸುತ್ತ ಕಾಣುವ ಪ್ರಭೆಯ, ಎಳೆಗಳು ಒಂದೇ ಆಕಾರದಲ್ಲಿದ್ದವು. ಎರಡು ದೂರದ ಜಾಗಗಳಿಂದ ಒಂದೇ ರೂಪ ಕಂಡದ್ದರಿಂದ ಆ ಪ್ರಭೆ ನಮ್ಮ ವಾತಾವರಣದ ಆಟವಲ್ಲ, ಸೂರ್ಯನದೇ ಎಂಬುದಕ್ಕೆ ಬಲ ಬಂತು. ಆ ಕಾಲದ ಟೆಲಿಸ್ಕೋಪುಗಳಿಗೆ ಮೋಟರ್ ಇರಲಿಲ್ಲ. ನಿಧಾನವಾಗಿ ಇಳಿಯುವ ತೂಕದ ಗಡಿಯಾರ ಯಂತ್ರವೇ ಟೆಲಿಸ್ಕೋಪನ್ನು ತಿರುಗಿಸುತ್ತಿತ್ತು. ಇಂಗ್ಲೆಂಡಿನ 51 ಡಿಗ್ರಿಗೆ ಹೊಂದಿಸಿದ ಅಕ್ಷ ಬೇಕಲದಲ್ಲಿ 12 ಡಿಗ್ರಿ ಚಿಲ್ಲರೆಗೆ ಬಾಗಲೇಬೇಕಿತ್ತು. ಅಮರಾಪುರದಲ್ಲಿ ನಾವು ಮಾಡಲಿರುವುದೂ ಅದೇ ಕೆಲಸ.

1980ರ ಫೆಬ್ರುವರಿ 16ರಂದು ಚಂದ್ರನ ನೆರಳು ಅಂಕೋಲೆಯ ಕಡಲಿನಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಪುರಿ, ಕೊಣಾರ್ಕದತ್ತ ಹೋಯಿತು. ವೇಣು ಬಪ್ಪು ಅವರ ನೇತೃತ್ವದ ಭಾರತೀಯ ಖಭೌತ ಸಂಸ್ಥೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿತ್ತು. ಇಂಥ ಶಿಬಿರಗಳಲ್ಲಿ ಭಾರದ ಟೆಲಿಸ್ಕೋಪನ್ನೇ ತಿರುಗಿಸುವ ಬದಲು ಸೀಲೋಸ್ಟ್ಯಾಟ್ ಬಳಸುವ ರೂಢಿಯಿದೆ. ಅದರಲ್ಲಿ ಟೆಲಿಸ್ಕೋಪು ನೆಲದ ಮೇಲೆ ಅಲುಗದೆ ಮಲಗಿರುತ್ತದೆ. ಒಂದು ಚಪ್ಪಟೆ ಕನ್ನಡಿ ಮಾತ್ರ ಧ್ರುವದ ಅಕ್ಷದ ಸುತ್ತ 48 ಗಂಟೆಗೊಂದು ಸುತ್ತಿನ ವೇಗದಲ್ಲಿ ತಿರುಗುತ್ತ ಸೂರ್ಯನ ಬೆಳಕನ್ನು ಒಳಗೆ ಕಳಿಸುತ್ತದೆ. ಕನ್ನಡಿ ಒಂದು ಪಾಲು ತಿರುಗಿದರೆ ಪ್ರತಿಫಲಿಸಿದ ಕಿರಣ ಎರಡು ಪಾಲು ತಿರುಗುತ್ತದೆ, ಆದ್ದರಿಂದ ಅರ್ಧ ವೇಗವೇ ಸಾಕು.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮತ್ತೆ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟದ ಕಡೆಗೆ ಜನರನ್ನು ಸೆಳೆಯಿತು. ಅಮರಾಪುರದ ಕಡೆಯೂ ಅಂದು ಬೆಳಿಗ್ಗೆ ಸೂರ್ಯನ ಬಹುಪಾಲು ಮುಚ್ಚಿತ್ತು. ಮುಂದಿನ ದೊಡ್ಡ ಅವಕಾಶ 2031ರ ಮೇ 21. ಅಂದಿನ ಕಂಕಣ ಗ್ರಹಣದ ಪಟ್ಟಿ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. ಅಮರಾಪುರಕ್ಕೆ ಅದು ಆಳವಾದ ಪಾರ್ಶ್ವ ಗ್ರಹಣ. ಅದಕ್ಕೂ ಮುಂಚೆ 2027ರ ಆಗಸ್ಟ್ 2ರ ಸಂಜೆ ಒಂದು ಪಾರ್ಶ್ವ ಗ್ರಹಣ ಕಾಣಲಿದೆ. ಅದನ್ನು ತಾಲೀಮು ಎಂದುಕೊಳ್ಳಬಹುದು.

ಮೊದಲ ಪ್ರಶ್ನೆ: ಉತ್ತರ ಎಲ್ಲಿದೆ?

ರಾತ್ರಿಯಾದರೆ ಧ್ರುವ ನಕ್ಷತ್ರ ನೋಡಿ ಅಕ್ಷವನ್ನು ಹೊಂದಿಸಬಹುದು. ಸೂರ್ಯಗ್ರಹಣ ಹಗಲಿನದು. ಅಲ್ಲದೆ 14 ಡಿಗ್ರಿ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿರುತ್ತದೆ. ಬೇಸಿಗೆಯ ಧೂಳು, ಉತ್ತರದ ಒಂದು ಗುಡ್ಡ, ಒಂದು ತೆಂಗಿನ ತೋಟ, ಯಾವುದಾದರೂ ಅದನ್ನು ಮರೆಮಾಡಬಹುದು. ಕಂಡರೆ ಹಿಂದಿನ ರಾತ್ರಿಯೇ ಅಕ್ಷವನ್ನು ಹೊಂದಿಸಿ, ಮೌಂಟನ್ನು ಅಲುಗಿಸದೆ ಹೊದಿಸಿ, ಪಕ್ಕದಲ್ಲಿ ಒಬ್ಬರು ಮಲಗುವುದು ಒಳ್ಳೆಯ ಉಪಾಯ. ಆದರೆ ಆ ನಕ್ಷತ್ರ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆ ಎಂಬುದು ನೆನಪಿರಬೇಕು.

ದಿಕ್ಸೂಚಿಯನ್ನು ಪೂರ್ತಿ ನಂಬುವಂತಿಲ್ಲ. ಮೌಂಟಿನ ಉಕ್ಕು, ಮೋಟರಿನ ಅಯಸ್ಕಾಂತ, ಕಟ್ಟಡದ ಕಬ್ಬಿಣ ಎಲ್ಲವೂ ಮುಳ್ಳನ್ನು ಎಳೆಯುತ್ತವೆ. ಮೊಬೈಲಿನ ದಿಕ್ಸೂಚಿಯೂ ಇದಕ್ಕೆ ಹೊರತಲ್ಲ. ಇದಕ್ಕಿಂತ ನಂಬಿಕೆಯ ಸಾಧನ ನೆರಳು. ಸೂರ್ಯಸಿದ್ಧಾಂತ ಹೇಳುವ ಶಂಕುವಿನ ವಿಧಾನ ಇಂದಿಗೂ ಹಾಗೆಯೇ ನಡೆಯುತ್ತದೆ. ನೀರಿನಂತೆ ಸಮತಟ್ಟಾದ ನೆಲದಲ್ಲಿ ಒಂದು ಕೋಲನ್ನು ಲಂಬವಾಗಿ ನೆಟ್ಟು, ಬುಡವನ್ನೇ ಕೇಂದ್ರವಾಗಿಸಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನು ಗುರುತು ಹಾಕಿ. ಮಧ್ಯಾಹ್ನದ ಮೇಲೆ ಅದು ವೃತ್ತದಿಂದ ಹೊರಗೆ ಹೋಗುವ ಬಿಂದುವನ್ನೂ ಗುರುತಿಸಿ. ಎರಡನ್ನೂ ಸೇರಿಸುವ ಗೆರೆ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾದದ್ದು ಉತ್ತರ ದಕ್ಷಿಣ. ಒಂದು ಮೀಟರ್ ಎತ್ತರದ ಕೋಲು, ಅಷ್ಟೇ ತ್ರಿಜ್ಯದ ವೃತ್ತ ಇದ್ದು ಎಚ್ಚರದಿಂದ ಮಾಡಿದರೆ ತಪ್ಪು ಅರ್ಧ ಡಿಗ್ರಿಗಿಂತ ಕೆಳಗಿರುತ್ತದೆ.

ನಡುಹಗಲಿನ ನೆರಳೊಂದನ್ನೇ ನೋಡಿ ಉತ್ತರ ಹೇಳುವ ಸುಲಭದ ದಾರಿ ಡಿಸೆಂಬರಿನಲ್ಲಿ ನಡೆಯುತ್ತದೆ. ಆಗ ಒಂದು ಮೀಟರ್ ಕೋಲಿನ ನೆರಳು ಸುಮಾರು 77 ಸೆಂಟಿಮೀಟರ್ ಉದ್ದಕ್ಕೆ ಉತ್ತರಕ್ಕೆ ಬೀಳುತ್ತದೆ. ಮೇ 21ರಂದು ಅದೇ ಕೋಲಿನ ನೆರಳು ಹತ್ತು ಸೆಂಟಿಮೀಟರಿನಷ್ಟು, ಅದೂ ದಕ್ಷಿಣಕ್ಕೆ! ಏಪ್ರಿಲ್ ಕೊನೆಯಲ್ಲಿ ಅಮರಾಪುರದ ನೆತ್ತಿಯನ್ನು ದಾಟಿದ ಸೂರ್ಯ ಮೇ ತಿಂಗಳಲ್ಲಿ ನಮಗೆ ಉತ್ತರದವನಾಗಿರುತ್ತಾನೆ. ಅಷ್ಟು ಗಿಡ್ಡ ನೆರಳು ಕೆಲವೇ ನಿಮಿಷಗಳಲ್ಲಿ ದಿಕ್ಕು ಬದಲಿಸುವುದರಿಂದ ಅದನ್ನು ನಂಬಿ ಅಕ್ಷ ಇಡಬಾರದು.

ದಿಕ್ಕು ತಪ್ಪಿದರೆ ಆಗುವುದೇನು? ಅಕ್ಷ ಧ್ರುವದಿಂದ ಒಂದು ಡಿಗ್ರಿ ಆಚೀಚೆ ಇದ್ದರೆ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಗಂಟೆಗೆ ಹೆಚ್ಚೆಂದರೆ ಸುಮಾರು 16 ಕಲೆ ಜಾರುತ್ತಾನೆ, ಅಂದರೆ ಅರ್ಧ ಬಿಂಬ. ಹತ್ತು ಕಲೆಯ ತಪ್ಪಾದರೆ ಗಂಟೆಗೆ ಮೂರು ಕಲೆಯೂ ಇಲ್ಲ. ಈ ಜಾರುವಿಕೆಯೇ ತಿದ್ದುವ ಸಾಧನವೂ ಹೌದು. ಹಿಂದಿನ ದಿನ ನಡುಹಗಲಿನ ಹೊತ್ತಿಗೆ ಸೂರ್ಯನನ್ನು ನಡುವಿನಲ್ಲಿ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಕಾಯಿರಿ. ಬಿಂಬ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಬೆಳಿಗ್ಗೆ ಪೂರ್ವದಲ್ಲಿ ತಗ್ಗಿನಲ್ಲಿರುವಾಗ ಇದನ್ನೇ ಮಾಡಿದರೆ ಓರೆಯ ತಪ್ಪು ಹೊರಬೀಳುತ್ತದೆ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎದ್ದಿದೆ.

ಎರಡನೆಯ ಪ್ರಶ್ನೆ: ನಿಂತ ಜಾಗ

ಮಾರುಕಟ್ಟೆಯ ಬಹುತೇಕ ಮೌಂಟುಗಳ ಆಕಾರ 35ರಿಂದ 55 ಡಿಗ್ರಿಯ ಅಕ್ಷಾಂಶಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕೊಳ್ಳುವವರು ಹೆಚ್ಚು ಇರುವುದು ಅಲ್ಲಿಯೇ. ಅದೇ ಮೌಂಟನ್ನು 14 ಡಿಗ್ರಿಗೆ ಬಗ್ಗಿಸುವಾಗ ಅದರ ಕಷ್ಟಗಳು ಒಂದೊಂದಾಗಿ ಹೊರಬೀಳುತ್ತವೆ. ಕೆಲವುಗಳಲ್ಲಿ ಅಕ್ಷಾಂಶದ ಬೋಲ್ಟ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಮಾತೇ ಅದು.

ಬಗ್ಗಿಸಿದ ಅಕ್ಷ ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಟೆಲಿಸ್ಕೋಪು, ಎದುರು ತೂಕದ ಗುಂಡುಗಳು ಎಲ್ಲ ಆ ತುದಿಯಲ್ಲೇ ಇರುವುದರಿಂದ ಭಾರ ಉತ್ತರಕ್ಕೆ ವಾಲುತ್ತದೆ. ಬೀಳಬಾರದೆಂದು ಟ್ರೈಪಾಡಿನ ಒಂದು ಕಾಲನ್ನು ಉತ್ತರಕ್ಕಿಟ್ಟರೆ ಇನ್ನೊಂದು ತೊಂದರೆ: ಸೂರ್ಯ ಪೂರ್ವ ಅಥವಾ ಪಶ್ಚಿಮದ ತಗ್ಗಿನಲ್ಲಿರುವಾಗ ಎದುರು ತೂಕದ ಸರಳು ಕೆಳಮುಖವಾಗಿ ಇಳಿದು ಅದೇ ಕಾಲಿಗೆ ಬಡಿಯುತ್ತದೆ. 2027ರ ಸಂಜೆಯ ಗ್ರಹಣಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಪರಿಹಾರವಿದೆ. ಎರಡು ಕಾಲುಗಳು ಉತ್ತರದ ಎರಡು ಬದಿಗೆ, ಒಂದು ಕಾಲು ದಕ್ಷಿಣಕ್ಕೆ ಬರುವಂತೆ ಟ್ರೈಪಾಡನ್ನು ತಿರುಗಿಸಿದರೆ ಸರಳು ನಡುವೆ ನುಸುಳುತ್ತದೆ. ದಕ್ಷಿಣದ ಕಾಲಿಗೆ ಮರಳಿನ ಚೀಲ ಕಟ್ಟಿ ಭಾರ ಸರಿದೂಗಿಸಬೇಕು. ಟ್ರೈಪಾಡಿಗೂ ಮೌಂಟಿಗೂ ನಡುವೆ ಒಂದು ಗಿಡ್ಡ ಕಂಬ ಸೇರಿಸುವುದು ಇನ್ನೂ ಒಳ್ಳೆಯದು. ಅದರ ಅಳತೆ ಹೇಳಿದರೆ ಹಿಂದೂಪುರದಂಥ ಊರಿನ ಲೇತ್ ಕೆಲಸದವರು ಮಾಡಿಕೊಡುತ್ತಾರೆ.

ನೆಲ ಗಟ್ಟಿಯಾಗಿರಬೇಕು. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಕಾಲು ಇಳಿಯುತ್ತದೆ. ಆರ್‌ಸಿಸಿ ತಾರಸಿಯ ಮೇಲೆ ಮಕ್ಕಳು ಓಡಾಡಿದರೆ ಬಿಂಬ ನಡುಗುತ್ತದೆ, ಕಾದ ಸಿಮೆಂಟಿನಿಂದ ಏಳುವ ಬಿಸಿಗಾಳಿಯಿಂದ ಅಂಚು ಕುದಿಯುತ್ತದೆ. ಗಟ್ಟಿಯಾಗಿ ಮೆಟ್ಟಿದ ಕಣದಂಥ ನೆಲ ಎಲ್ಲಕ್ಕಿಂತ ವಾಸಿ. ಹಿಂದಿನ ಸಂಜೆ ಸುತ್ತ ನೀರು ಚಿಮುಕಿಸಿದರೆ ಧೂಳೂ ಅಡಗುತ್ತದೆ. ಓರೆಯನ್ನು ಅಳೆಯಲು ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಅದು ಗುರುತ್ವದ ದಿಕ್ಕನ್ನು ಓದುತ್ತದೆ, ಉಕ್ಕು ಅದನ್ನು ದಾರಿ ತಪ್ಪಿಸುವುದಿಲ್ಲ.

ಮೂರನೆಯ ಪ್ರಶ್ನೆ: ಹೊತ್ತು

ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಅಮರಾಪುರ ಅದಕ್ಕಿಂತ ಐದೂವರೆ ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ನಡುಹಗಲು ಸರಾಸರಿ 12 ಗಂಟೆ 22 ನಿಮಿಷಕ್ಕೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದ, ಅಕ್ಷ ವಾಲಿರುವುದರಿಂದ, ಇದು ವರ್ಷದುದ್ದಕ್ಕೂ ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ: ಮೇ 21ರಂದು ಸುಮಾರು 12.18, ಫೆಬ್ರುವರಿ ನಡುವಿನಲ್ಲಿ 12.36.

ಈ 12.18 ಎಂಬ ಹೊತ್ತು 2031ರಲ್ಲಿ ಬಹಳ ಮುಖ್ಯ. ಅಂದು ಗ್ರಹಣ ಹನ್ನೊಂದರ ಸುಮಾರಿಗೆ ಹಿಡಿದು, ಒಂದು ಗಂಟೆಯ ಆಸುಪಾಸು ಗರಿಷ್ಠಕ್ಕೆ ಬಂದು, ಎರಡೂವರೆ ದಾಟಿದ ಮೇಲೆ ಬಿಡುತ್ತದೆ. ನಡುವೆ ಸೂರ್ಯ ಮಧ್ಯಾಹ್ನ ರೇಖೆ ದಾಟುತ್ತಾನೆ, ಅದೂ ನೆತ್ತಿಯಿಂದ ಆರು ಡಿಗ್ರಿ ಉತ್ತರಕ್ಕೆ. ಟೆಲಿಸ್ಕೋಪು ಹೆಚ್ಚುಕಡಿಮೆ ಲಂಬವಾಗಿ ನಿಲ್ಲುತ್ತದೆ, ಅದರ ಹಿಂಬದಿಯ ಕ್ಯಾಮೆರಾ ಟ್ರೈಪಾಡಿನ ಕಾಲುಗಳ ನಡುವೆ ಇಳಿಯುತ್ತದೆ. ರೇಖೆ ದಾಟಿದ ಮೇಲೂ ಹಾಗೆಯೇ ಬಿಟ್ಟರೆ ಅದು ಕಾಲಿಗೆ ತಾಗಿ ಮೋಟರ್ ಒದ್ದಾಡುತ್ತದೆ. ಅದಕ್ಕೇ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ಹೊರಳಿಸುವ ಮೆರಿಡಿಯನ್ ಫ್ಲಿಪ್ ಮಾಡಬೇಕಾಗುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಹೊರಳಿದ ಮೇಲೆ ಕ್ಯಾಮೆರಾದ ಚಿತ್ರ ತಲೆಕೆಳಗಾಗಿರುತ್ತದೆ. 12.20ಕ್ಕೆ ಹೊರಳಿಸಿ ಮತ್ತೆ ಸೂರ್ಯನನ್ನು ನಡುವಿಗೆ ತಂದರೆ ಗರಿಷ್ಠಕ್ಕೆ ಇನ್ನೂ ಅರ್ಧ ಗಂಟೆಯ ಮೇಲೆ ಬಿಡುವು ಇರುತ್ತದೆ. ಹಿಂದಿನ ದಿನ ಅದೇ ಹೊತ್ತಿಗೆ ಇದನ್ನೆಲ್ಲ ಒಮ್ಮೆ ಮಾಡಿ ನೋಡಲೇಬೇಕು. ಒಂದು ದಿನದಲ್ಲಿ ಸೂರ್ಯನ ದಾರಿ 12 ಕಲೆಯಷ್ಟು ಮಾತ್ರ ಬದಲಾಗುವುದರಿಂದ ತಾಲೀಮಿನಲ್ಲಿ ತಾಗದ ಕಾಲು ಗ್ರಹಣದ ದಿನವೂ ತಾಗುವುದಿಲ್ಲ.

ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಆಲ್ಟ್ ಅಜಿಮತ್ ಮೌಂಟ್ ಇದ್ದವರಿಗೆ ಅಂದು ಕಷ್ಟ ಇನ್ನೂ ಹೆಚ್ಚು. ನೆತ್ತಿಯ ಹತ್ತಿರ ಸೂರ್ಯನ ದಿಕ್ಕು ಪೂರ್ವದಿಂದ ಪಶ್ಚಿಮಕ್ಕೆ ಸರ್ರನೆ ಹೊರಳುತ್ತದೆ. ನಡುಹಗಲಿನಲ್ಲಿ ಆ ಮೌಂಟಿನ ಬುಡ ಸಾಮಾನ್ಯ ವೇಗದ ಒಂಬತ್ತು ಪಟ್ಟು, ನಿಮಿಷಕ್ಕೆ ಎರಡು ಡಿಗ್ರಿಗೂ ಹೆಚ್ಚು ತಿರುಗಬೇಕು. ಜೊತೆಗೆ ಕ್ಯಾಮೆರಾದಲ್ಲಿ ಬಿಂಬ ತನ್ನ ಸುತ್ತಲೇ ತಿರುಗಿದಂತೆ ಕಾಣುತ್ತದೆ. ಆದರೆ ನೆತ್ತಿಯ ಗ್ರಹಣದಲ್ಲಿ ಒಂದು ದೊಡ್ಡ ಲಾಭವಿದೆ: ಬೆಳಕು ಅತ್ಯಂತ ತೆಳುವಾದ ಗಾಳಿಯನ್ನು ಹಾಯುವುದರಿಂದ ಚಂದ್ರನ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ಕೀಪ್ಯಾಡಿಗೆ ಹೊತ್ತು ತಿಳಿಸುವಾಗ ಎರಡು ಎಚ್ಚರ ಬೇಕು. ಎಷ್ಟೋ ಯಂತ್ರಗಳು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು, ತಾರೀಖನ್ನು ಆಮೇಲೆ ಕೇಳುತ್ತವೆ. 2027ರ ಆಗಸ್ಟ್ 2ನ್ನು 02/08 ಎಂದು ಒತ್ತಿದರೆ ಅದು ಫೆಬ್ರುವರಿ 8 ಎಂದು ಓದಿಕೊಂಡು, ತಪ್ಪೆಂದು ಹೇಳದೆ, ಸೂರ್ಯನನ್ನು 30 ಡಿಗ್ರಿಗಿಂತ ಹೆಚ್ಚು ದಕ್ಷಿಣಕ್ಕೆ ಹುಡುಕುತ್ತದೆ. ಎರಡನೆಯದು ನಮ್ಮ ಐದೂವರೆ ಗಂಟೆ. ಅದನ್ನು ಐದು ಅಥವಾ ಆರು ಎಂದು ಒತ್ತಿದರೆ ಅರ್ಧ ಗಂಟೆಯ ತಪ್ಪಿಗೆ ಟೆಲಿಸ್ಕೋಪು ಏಳೂವರೆ ಡಿಗ್ರಿ ದೂರ ಹೋಗಿ ನಿಲ್ಲುತ್ತದೆ. ಸುರಕ್ಷತೆಗಾಗಿ ಅನೇಕ ಯಂತ್ರಗಳು ಪಟ್ಟಿಯಲ್ಲಿ ಸೂರ್ಯನನ್ನು ಅಡಗಿಸಿಟ್ಟಿರುತ್ತವೆ. ಮೆನುವಿನಲ್ಲಿ ಅದನ್ನು ತೆರೆಯಬೇಕು.

ವಿದ್ಯುತ್ತನ್ನು ಲೈನಿನಿಂದ ತೆಗೆದುಕೊಳ್ಳಬೇಡಿ. ಒಂದು ಸಲ ಕರೆಂಟ್ ಹೋದರೆ ಯಂತ್ರ ದಿಕ್ಕು, ಹೊತ್ತು ಎಲ್ಲ ಮರೆತು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮೋಟರಿಗೆ ಬೇಕಾದದ್ದು 12 ವೋಲ್ಟ್. ಪೂರ್ತಿ ಚಾರ್ಜ್ ಮಾಡಿದ ಒಂದು ಇನ್ವರ್ಟರ್ ಬ್ಯಾಟರಿ ಇಡೀ ದಿನ ನಡೆಸುತ್ತದೆ. ವೈರಿಗೆ ಯಾರೂ ಕಾಲು ತಾಗಿಸದಂತೆ ಹಗ್ಗ ಕಟ್ಟಿ ದಾರಿ ಬೇರೆ ಮಾಡಿ.

ಕಣ್ಣು

ಇಷ್ಟೆಲ್ಲ ಸಿದ್ಧತೆಯಲ್ಲಿ ಒಂದು ಮಾತಿಗೆ ರಾಜಿಯಿಲ್ಲ. ಸೂರ್ಯನ ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಸೋಲಾರ್ ಫಿಲ್ಟರ್ ಟೆಲಿಸ್ಕೋಪಿನ ಮುಂಬದಿಯಲ್ಲಿ, ಬೆಳಕು ಒಳಗೆ ಬರುವ ಮುಂಚೆ ಇರಬೇಕು. ಗಾಳಿಗೆ ಹಾರದಂತೆ ಟೇಪ್ ಸುತ್ತಬೇಕು. ಕಣ್ಣಿಡುವ ಐಪೀಸಿಗೆ ತಿರುಗಿಸಿ ಹಾಕುವ ಹಳೆಯ ಗಾಜಿನ ಫಿಲ್ಟರುಗಳು ಒಟ್ಟುಗೂಡಿದ ಬಿಸಿಗೆ ಬಿರುಕು ಬಿಡುತ್ತವೆ. ಆ ಕ್ಷಣದಲ್ಲಿ ಕಣ್ಣು ಅಲ್ಲಿದ್ದರೆ ದೃಷ್ಟಿ ಹೋಗುತ್ತದೆ. ಪಕ್ಕದ ಪುಟ್ಟ ಫೈಂಡರನ್ನು ಕಳಚಿಡಿ, ಇಲ್ಲವೇ ಮುಚ್ಚಿ ಟೇಪ್ ಹಚ್ಚಿ. ಸೂರ್ಯನನ್ನು ಹುಡುಕಲು ಅದರ ಅಗತ್ಯವೂ ಇಲ್ಲ: ನೆಲದ ಮೇಲೆ ಕೊಳವೆಯ ನೆರಳು ಅತಿ ಚಿಕ್ಕದಾಗಿ ದುಂಡಗಾದಾಗ ಟೆಲಿಸ್ಕೋಪು ಅವನತ್ತಲೇ ಇರುತ್ತದೆ. ಅಮರಾಪುರದಲ್ಲಿ 2027ರಲ್ಲೂ 2031ರಲ್ಲೂ ಸೂರ್ಯ ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ಫಿಲ್ಟರ್ ತೆಗೆಯುವ ಒಂದು ಕ್ಷಣವೂ ಇಲ್ಲ. ಗ್ರಹಣದಿಂದ ಹೊಸ ವಿಷಕಿರಣವೇನೂ ಬರುವುದಿಲ್ಲ. ಅಪಾಯ ಎಂದಿನ ಸೂರ್ಯನದೇ. ಮಕ್ಕಳನ್ನು ಒಳಗೆ ಕೂಡಿಹಾಕುವ ಬದಲು ಸರಿಯಾದ ಫಿಲ್ಟರ್ ಹಿಡಿದ ದೊಡ್ಡವರೊಬ್ಬರು ಟೆಲಿಸ್ಕೋಪಿನ ಪಕ್ಕದಲ್ಲಿ ಕೊನೆಯವರೆಗೂ ನಿಂತಿರಲಿ.

ಹಲಗೆ, ಕೀಲು, ಬೋಲ್ಟು

ಮೌಂಟ್ ಕೊಳ್ಳಲು ಎಲ್ಲ ಶಾಲೆಗಳಿಗೂ ಆಗುವುದಿಲ್ಲ. ಆದರೆ ಅದೇ ತತ್ವದ ಪುಟ್ಟ ಯಂತ್ರವನ್ನು ಬಡಗಿಯ ನೆರವಿನಿಂದ ಮಾಡಿಕೊಳ್ಳಬಹುದು. ಎರಡು ಹಲಗೆಗಳನ್ನು ಒಂದು ಕಡೆ ಬಾಗಿಲಿನ ಕೀಲಿನಿಂದ ಸೇರಿಸಿ. ಕೀಲಿನಿಂದ 229 ಮಿಲಿಮೀಟರ್ ದೂರದಲ್ಲಿ ಕೆಳ ಹಲಗೆಗೆ ನಟ್ ಕೂರಿಸಿ, ಸುತ್ತಿಗೆ ಒಂದು ಮಿಲಿಮೀಟರ್ ಏರುವ 6 ಮಿಲಿಮೀಟರಿನ ಬೋಲ್ಟ್ ತೂರಿಸಿ. ಅದನ್ನು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ನಿಮಿಷಕ್ಕೆ ಕಾಲು ಡಿಗ್ರಿಯಂತೆ, ಅಂದರೆ ಸೂರ್ಯನ ವೇಗದಲ್ಲೇ, ತೆರೆದುಕೊಳ್ಳುತ್ತದೆ. ಕೀಲಿನ ಕಡ್ಡಿ ಉತ್ತರಕ್ಕೆ ಮುಖ ಮಾಡಿ 14 ಡಿಗ್ರಿ ಎದ್ದಿರಬೇಕು. ತೆರೆದುಕೊಂಡ ಹಲಗೆ ಪಶ್ಚಿಮಕ್ಕೆ ವಾಲುವಂತೆ ಇಡಬೇಕು. ನಿಮಿಷಕ್ಕೊಂದು ಸುತ್ತು ಹಾಕುವ ಚಿಕ್ಕ ಮೋಟರ್ ಸಿಕ್ಕರೆ ಸರಿ, ಇಲ್ಲದಿದ್ದರೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ವಿದ್ಯಾರ್ಥಿಯೊಬ್ಬಳು ಕೈಯಿಂದಲೇ ತಿರುಗಿಸಬಹುದು. ನೇರ ಬೋಲ್ಟ್ ಆದ್ದರಿಂದ ಹಲಗೆ ಹೆಚ್ಚು ತೆರೆದಂತೆ ವೇಗ ಸ್ವಲ್ಪ ತಪ್ಪುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂದಕ್ಕೆ ತಿರುಗಿಸಿ ಮತ್ತೆ ಶುರುಮಾಡಿದರೆ ಸಾಕು. ಫಿಲ್ಟರ್ ತೊಡಿಸಿದ ಕ್ಯಾಮೆರಾ ಅದರ ಮೇಲೆ ಚೆನ್ನಾಗಿ ನಿಲ್ಲುತ್ತದೆ.

ಇವೆಲ್ಲಕ್ಕೂ ಮುಂಚೆ ಮಾಡಬಹುದಾದ ಕೆಲಸಕ್ಕೆ ದುಡ್ಡೇ ಬೇಡ. ಶಾಲೆಯ ಅಂಗಳದಲ್ಲಿ ಮಕ್ಕಳೇ ಶಂಕು ನೆಟ್ಟು ಉತ್ತರ ದಕ್ಷಿಣದ ಗೆರೆ ಕಂಡುಹಿಡಿಯಲಿ. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ನಡುವಿನಲ್ಲಿ ನೆರಳು ಪೂರ್ತಿ ಮಾಯವಾಗುವ ದಿನವನ್ನು ಗುರುತಿಸಿ, ಅಂದಿನ ಸೂರ್ಯನ ಸ್ಥಾನದಿಂದ ತಮ್ಮ ಊರಿನ ಅಕ್ಷಾಂಶವನ್ನು ತಾವೇ ಲೆಕ್ಕ ಹಾಕಲಿ. ಆ ಗೆರೆಯನ್ನು ಸಿಮೆಂಟಿನಲ್ಲಿ ಕೂರಿಸಿ ಮೌಂಟಿನ ಕಾಲುಗಳಿಗೆ ಮೂರು ಗುಳಿ ಮಾಡಿಟ್ಟರೆ ಅದು 2027ಕ್ಕೂ 2031ಕ್ಕೂ ಆ ನಂತರದ ಗ್ರಹಣಗಳಿಗೂ ಒಂದೇ. ಅಗಳಿ, ರೊಳ್ಳ, ಗುಡಿಬಂಡೆ, ರಾಯದುರ್ಗದ ಶಾಲೆಗಳೂ ತಮ್ಮ ತಮ್ಮ ಗೆರೆ ಎಳೆದು ಒಂದೇ ಕ್ಷಣದಲ್ಲಿ ಗ್ರಹಣದ ಚಿತ್ರ ತೆಗೆದರೆ, ಬೇಕಲ ಮತ್ತು ದೊಡ್ಡಬೆಟ್ಟದ ಚಿತ್ರಗಳನ್ನು ಹೋಲಿಸಿದಂತೆ, ಊರಿನಿಂದ ಊರಿಗೆ ಚಂದ್ರನ ಅಂಚು ಎಷ್ಟು ಸರಿದಿದೆ ಎಂದು ಹೋಲಿಸಬಹುದು. ಆ ಅಂತರದಲ್ಲಿ ಚಂದ್ರನ ದೂರದ ಲೆಕ್ಕ ಅಡಗಿದೆ, ಹತ್ತನೆಯ ತರಗತಿಯ ತ್ರಿಕೋನಮಿತಿ ಅದಕ್ಕೆ ಸಾಕು.